ಮನೆಯಾಚೆಯ ಒಲೆ: ಮೆಡಿಟರೇನಿಯನ್ ಹಳ್ಳಿಮನೆಗಳ ಹೊರಾಂಗಣ ಅಡುಗೆಮನೆ ಮತ್ತು ಜಗಲಿ

ಪುಣೆ, ಲೋಣಾವಳ, ಬೆಂಗಳೂರುಗಳ ಹೆದ್ದಾರಿಗಳ ಬದಿಯಲ್ಲಿ 'ಮೆಡಿಟರೇನಿಯನ್ ಶೈಲಿಯ ವಿಲ್ಲಾ'ಗಳ ಜಾಹೀರಾತು ಫಲಕಗಳನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಬಿಳಿಯ ಗೋಡೆ, ಕಮಾನಿನ ಬಾಗಿಲು, ಬಳ್ಳಿ ಹಬ್ಬಿದ ಮರದ ಚಪ್ಪರ, ಅದರ ಕೆಳಗೆ ಇಟ್ಟಿಗೆಯ ಗುಮ್ಮಟದೊಲೆ, ಉದ್ದನೆಯ ಊಟದ ಮೇಜು. ನಗರದ ಎರಡು ಕೋಣೆಗಳ ಮನೆಯಲ್ಲಿ ಜೀವಮಾನದ ಬಹುಭಾಗ ಕಳೆದು, ನಿವೃತ್ತಿಯ ಕಾಲಕ್ಕೆ ತುಸು ನೆಲ ಕೊಂಡವರಿಗೆ ಈ ಚಿತ್ರ ಆಕರ್ಷಕವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಆ ಚಪ್ಪರ, ಆ ಒಲೆ, ಆ ಕಲ್ಲುಹಾಸು ಯಾವ ನೆಲದಲ್ಲಿ ಹುಟ್ಟಿದವೋ ಅಲ್ಲಿ ಅವು ಏಕೆ ಹಾಗಿವೆ ಎಂಬುದನ್ನು ತಿಳಿಯದೆ ಚಿತ್ರವನ್ನಷ್ಟೇ ತಂದು ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಮೊದಲ ಮಳೆಗಾಲದಲ್ಲೇ ಗೊತ್ತಾಗುತ್ತದೆ. ಆದುದರಿಂದ ಈ ಲೇಖನದಲ್ಲಿ ಮೂಲಸ್ಥಾನಕ್ಕೇ ಹೋಗೋಣ. ಇಟಲಿಯ ದಕ್ಷಿಣ ತುದಿಯ ಪೂಲಿಯಾ ಪ್ರಾಂತ್ಯದ ಹಳ್ಳಿಮನೆಗಳನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು, ಅಗತ್ಯವಿದ್ದಲ್ಲಿ ಫ್ರಾನ್ಸಿನ ಪ್ರೊವಾನ್ಸ್, ಗ್ರೀಸ್ ದೇಶಗಳತ್ತಲೂ ಕಣ್ಣು ಹಾಯಿಸಬಹುದು.

ಮೊದಲಿಗೆ ಒಂದು ಪದದ ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ಟೆರೇಸ್ ಎಂದೊಡನೆ ನಮಗೆ ನೆನಪಾಗುವುದು ತಾರಸಿ, ಅಂದರೆ ಹಪ್ಪಳ ಒಣಗಿಸುವ, ನೀರಿನ ಟಾಂಕಿ ಕೂತಿರುವ ಮಾಳಿಗೆ. ಮೆಡಿಟರೇನಿಯನ್ ಹಳ್ಳಿಮನೆಯ ಟೆರೇಸ್ ಮನೆಯ ಮೇಲಿನದಲ್ಲ, ಮನೆಗೆ ಅಂಟಿಕೊಂಡು ನೆಲದ ಮಟ್ಟದಲ್ಲಿರುವ ಕಲ್ಲುಹಾಸಿನ ಅಂಗಳ. ನಮ್ಮ ಜಗಲಿಗೂ ಅಂಗಳಕ್ಕೂ ನಡುವಿನ ಒಂದು ಜಾಗ ಎನ್ನಬಹುದು. ಇಲ್ಲಿ ಅದನ್ನು ಜಗಲಿಯೆಂದೇ ಕರೆಯುತ್ತೇನೆ.

ಎಲ್ಲಕ್ಕೂ ಮೂಲ ಮಳೆಯ ಪಂಚಾಂಗ. ನಮ್ಮಲ್ಲಿ ಸೆಖೆಯ ಬೆನ್ನಿಗೇ ಮಳೆ. ಜೂನ್ ಬಂತೆಂದರೆ ಹೊರಗಿನ ಬದುಕೆಲ್ಲ ಒಳಗೆ ಸರಿಯುತ್ತದೆ. ಮೆಡಿಟರೇನಿಯನ್ ತೀರದಲ್ಲಿ ಇದು ತಿರುಗುಮುರುಗು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಒಣ. ಅಥೆನ್ಸ್ ನಗರದಲ್ಲಿ ವರ್ಷದ ಮಳೆ ಸುಮಾರು 400 ಮಿ.ಮೀ., ಅದರಲ್ಲಿ ಜುಲೈ ಮತ್ತು ಆಗಸ್ಟ್ ಎರಡು ತಿಂಗಳ ಪಾಲು ಸೇರಿಸಿದರೂ ಸರಾಸರಿ ಒಂದು ಅಂಗುಲಕ್ಕೆ ತಲುಪುವುದಿಲ್ಲ. ಪೂಲಿಯಾದಲ್ಲಿ ಮಳೆ ಇದಕ್ಕಿಂತ ತುಸು ಹೆಚ್ಚು, ಆದರೆ ಋತುವಿನ ಸ್ವಭಾವ ಅದೇ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಆಕಾಶವನ್ನೇ ಚಾವಣಿಯೆಂದು ನಂಬಿ ಸಂಸಾರ ನಡೆಸಬಹುದಾದ ಭೂಭಾಗ ಅದು. ಸೋರುವ ಚಪ್ಪರ ಅಲ್ಲಿ ಅಲಂಕಾರವಲ್ಲ, ಸಾಕಾಗುವಷ್ಟು ಚಾವಣಿ.

ಇನ್ನು ಮನೆಯ ರಚನೆ. ಪೂಲಿಯಾದ ಇಟ್ರಿಯಾ ಕಣಿವೆಯಲ್ಲಿ ಗಾರೆಯಿಲ್ಲದೆ ಸುಣ್ಣಕಲ್ಲನ್ನು ಒಂದರ ಮೇಲೊಂದು ಜೋಡಿಸಿ ಶಂಖಾಕಾರದ ಮಾಡು ಕಟ್ಟಿದ 'ತ್ರುಲ್ಲಿ' ಎಂಬ ಮನೆಗಳಿವೆ. ಆಲ್ಬೆರೊಬೆಲ್ಲೊ ಊರಿನ ತ್ರುಲ್ಲಿಗಳನ್ನು ಯುನೆಸ್ಕೊ 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇವುಗಳ ಗೋಡೆ ಬಹಳ ದಪ್ಪ, ಕಿಟಕಿ ಚಿಕ್ಕದು. ದೊಡ್ಡ ಹಿಡುವಳಿದಾರರ 'ಮಸ್ಸೆರಿಯಾ' ಎಂಬ ತೋಟದ ಮನೆಗಳೂ ದಪ್ಪ ಕಲ್ಲುಗೋಡೆಯವೇ. ಇಂಥ ಗೋಡೆ ಹಗಲಿನ ಬಿಸಿಲನ್ನು ನಿಧಾನವಾಗಿ ಹೀರುತ್ತ ಒಳಗನ್ನು ತಂಪಾಗಿರಿಸುತ್ತದೆ. ಆದರೆ ಒಳಗೇ ಒಲೆ ಹೊತ್ತಿಸಿದರೆ ಅದೇ ಗೋಡೆ ಆ ಕಾವನ್ನೂ ಹೀರಿಕೊಂಡು ರಾತ್ರಿಯಿಡೀ ಹೊರಸೂಸುತ್ತದೆ. ಬೇಸಿಗೆಯಲ್ಲಿ ಅಡುಗೆಯನ್ನು ಹೊರಗೆ ಸಾಗಿಸಿದ್ದರ ಹಿಂದಿರುವುದು ವಿಲಾಸವಲ್ಲ, ಮಲಗುವ ಕೋಣೆಯನ್ನು ಉಳಿಸಿಕೊಳ್ಳುವ ಉಪಾಯ. ಹೊರಗೆ ಕುಳಿತು ಉಣ್ಣುವ ರೂಢಿಯೂ ಬಹಳ ಹಳೆಯದು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೇ ನಗರದ ಉದ್ಯಾನಗಳಲ್ಲಿ, ಚಪ್ಪರದ ಕೆಳಗೆ ಒರಗಿ ಕುಳಿತು ಊಟ ಮಾಡಲು ಕಟ್ಟಿದ ಗಾರೆಯ ಆಸನಗಳನ್ನು ಇಂದಿಗೂ ನೋಡಬಹುದು.

ಜಗಲಿಯನ್ನು ಯೋಜಿಸುವವರು ಮೊದಲು ಲೆಕ್ಕ ಹಾಕಬೇಕಾದುದು ಸೂರ್ಯನನ್ನು. ಇಟ್ರಿಯಾ ಕಣಿವೆ ಸುಮಾರು 41 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ 21ರ ನಡುಹಗಲಲ್ಲಿ ಸೂರ್ಯ ದಕ್ಷಿಣದ ದಿಗಂತದಿಂದ ಸುಮಾರು 72 ಡಿಗ್ರಿ ಎತ್ತರಕ್ಕೇರಿದರೆ, ಡಿಸೆಂಬರ್ 21ರಂದು 26 ಡಿಗ್ರಿಯನ್ನೂ ಮುಟ್ಟುವುದಿಲ್ಲ. ದಕ್ಷಿಣದ ಗೋಡೆಗೆ ತಾಗಿ 3 ಮೀಟರ್ ಚಾಚಿರುವ, 2.7 ಮೀಟರ್ ಎತ್ತರದ ಒಂದು ಚಪ್ಪರವನ್ನು ಊಹಿಸಿಕೊಳ್ಳಿ. ಜೂನ್ ನಡುಹಗಲಲ್ಲಿ ಬಿಸಿಲು ಹೊರ ಅಂಚಿನಿಂದ ಸುಮಾರು 85 ಸೆಂ.ಮೀ. ಒಳಕ್ಕೆ ಬರುತ್ತದೆ. ಆಗಸ್ಟ್ 20ರ ಹೊತ್ತಿಗೆ ಸೂರ್ಯ ಕೆಳಗಿಳಿದು ಆ ಬಿಸಿಲು ಒಂದೂವರೆ ಮೀಟರ್‌ನಷ್ಟು ಒಳನುಗ್ಗಿರುತ್ತದೆ. ಅಂದರೆ ಅತ್ಯಂತ ಸೆಖೆಯ ಆಗಸ್ಟ್ ತಿಂಗಳಲ್ಲಿ ನಡುಹಗಲಿಗೆ ನೆರಳು ಉಳಿಯುವುದು ಚಪ್ಪರದ ಅರ್ಧಭಾಗದಲ್ಲಿ ಮಾತ್ರ. ಮೇಜು ಹಿಡಿಸಿದರೆ ಸಾಕೆಂದು ಅಳತೆ ತೆಗೆದು ಚಪ್ಪರ ಹಾಕಿದವರು ಬೆನ್ನು ಸುಟ್ಟುಕೊಂಡು ಉಣ್ಣುವುದು ಇದರಿಂದಲೇ. ಮೇಜಿನ ಅಂಚಿನಿಂದ ಕನಿಷ್ಠ ಒಂದೂವರೆ ಮೀಟರ್ ಆಚೆಗೂ ನೆರಳಿನ ಚಾಚು ಇರಬೇಕು.

ಚಪ್ಪರಕ್ಕೆ ಹೆಂಚಿನ ಮಾಡು ಹಾಕಿದರಾಗದೇ ಎಂದು ಕೇಳಬಹುದು. ಹಾಕಿದರೆ ಚಳಿಗಾಲದಲ್ಲಿ ನಷ್ಟ. ಡಿಸೆಂಬರಿನ ತಗ್ಗಿದ ಸೂರ್ಯನಿಗೆ ಅದೇ 3 ಮೀಟರ್ ಮಾಡು ಅಡ್ಡ ಬಂದು, ಗೋಡೆಯ ಮೇಲೆ ನೆಲದಿಂದ ಒಂದೂಕಾಲು ಮೀಟರ್ ಎತ್ತರದವರೆಗೆ ಮಾತ್ರ ಬಿಸಿಲು ಬೀಳುತ್ತದೆ. ಕಿಟಕಿಯ ಬಹುಭಾಗ ಕತ್ತಲು, ಕೋಣೆ ಶೀತಲ. ದ್ರಾಕ್ಷಿಬಳ್ಳಿಯ ಉಪಯೋಗ ಕಾಣುವುದು ಇಲ್ಲಿ. ಅದು ವಸಂತದಲ್ಲಿ ಚಿಗುರಿ, ಬೇಸಿಗೆಯಲ್ಲಿ ದಟ್ಟವಾಗಿ, ಶರತ್ಕಾಲದ ಕೊನೆಗೆ ಎಲೆಯುದುರಿಸಿ ಬಿಸಿಲಿಗೆ ದಾರಿ ಬಿಡುತ್ತದೆ. ಯಾವ ಯಂತ್ರವೂ ಇಷ್ಟು ಅಗ್ಗವಾಗಿ, ಇಷ್ಟು ಸಮಯಪಾಲನೆಯಿಂದ ಪರದೆಯನ್ನು ಎಳೆದು ಸರಿಸಲಾರದು. ಆದರೆ ಬಳ್ಳಿ ಚಪ್ಪರ ತುಂಬಲು ಮೂರು ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಜೊಂಡಿನ ಚಾಪೆ ಹೊದಿಸುತ್ತಾರೆ. ದ್ರಾಕ್ಷಿ ಹಣ್ಣಾದಾಗ ಕಣಜಗಳು ಮುತ್ತುತ್ತವೆ ಎಂಬುದನ್ನೂ ಹೇಳಬೇಕು. ಊಟದ ಮೇಜಿನ ನೇರ ಮೇಲೆ ಗೊಂಚಲು ಬಿಡದ ಹಾಗೆ ಅನುಭವಿಗಳು ಮೊದಲೇ ಚಿವುಟಿಬಿಡುತ್ತಾರೆ.

ಪ್ರೊವಾನ್ಸ್‌ನಲ್ಲಿ ಚಪ್ಪರದ ಜೊತೆಗೆ, ಕೆಲವೊಮ್ಮೆ ಚಪ್ಪರದ ಬದಲಿಗೆ, ಹಿಪ್ಪುನೇರಳೆ ಮರವನ್ನು ಕಾಣುತ್ತೇವೆ. ರಾಮನಗರದ ರೇಷ್ಮೆ ಮಾರುಕಟ್ಟೆಯನ್ನು ಬಲ್ಲ ಕನ್ನಡಿಗರಿಗೆ ಇದರ ಕಾರಣ ಕೂಡಲೇ ಹೊಳೆಯುತ್ತದೆ. ದಕ್ಷಿಣ ಫ್ರಾನ್ಸ್ ಒಂದು ಕಾಲಕ್ಕೆ ದೊಡ್ಡ ರೇಷ್ಮೆ ಸೀಮೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹುಳುಗಳಿಗೆ ರೋಗ ಬಿದ್ದಾಗ ಅದರ ಕಾರಣ ಹುಡುಕಲು ಹೋದವರು ಸ್ವತಃ ಲೂಯಿ ಪ್ಯಾಶ್ಚರ್. ರೇಷ್ಮೆ ಹೋಯಿತು, ಮರಗಳು ನೆರಳಿಗಾಗಿ ಉಳಿದವು. ಈಗ ಹೊಸದಾಗಿ ನೆಡುವವರು ಹಣ್ಣು ಬಿಡದ ತಳಿಯನ್ನೇ ಆರಿಸುತ್ತಾರೆ, ಏಕೆಂದರೆ ಉದುರಿದ ಹಣ್ಣಿನ ಕಲೆ ಕಲ್ಲುಹಾಸಿನಿಂದ ಸುಲಭವಾಗಿ ಹೋಗದು.

ಇಷ್ಟೂ ಮಾತು ದಕ್ಷಿಣದ ಜಗಲಿಯದು. ಆದರೆ ಬೇಸಿಗೆಯಲ್ಲಿ ಅಲ್ಲಿ ಹೊರಗೆ ರಾತ್ರಿಯೂ ಉಣ್ಣುತ್ತಾರೆ, ಅದೂ ತಡವಾಗಿ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದೇ ಎಂಟು ಗಂಟೆ ದಾಟಿದ ಮೇಲೆ, ಅದೂ ನೇರ ಪಶ್ಚಿಮದಲ್ಲಲ್ಲ, ಪಶ್ಚಿಮಕ್ಕಿಂತ ಸುಮಾರು 32 ಡಿಗ್ರಿ ಉತ್ತರಕ್ಕೆ ವಾಲಿ. ಸಂಜೆ ಆರರ ಓರೆ ಬಿಸಿಲನ್ನು ಯಾವ ಚಪ್ಪರವೂ ತಡೆಯಲಾರದು, ಅದು ಬದಿಯಿಂದ ಬರುತ್ತದೆ. ಸೂರ್ಯಾಸ್ತದ ನೋಟಕ್ಕೆ ಮನಸೋತು ಪಶ್ಚಿಮಕ್ಕೆ ಜಗಲಿ ಕಟ್ಟಿಸುವುದು ನಗರದಿಂದ ಬಂದವರ ಸಾಮಾನ್ಯ ತಪ್ಪು. ಹಗಲೆಲ್ಲ ಕಾದ ಪಶ್ಚಿಮದ ಗೋಡೆ ರಾತ್ರಿ ಹತ್ತರವರೆಗೂ ಬೆನ್ನಿಗೆ ಕಾವು ಊದುತ್ತದೆ. ಪೂರ್ವಕ್ಕೆ ಅಥವಾ ಈಶಾನ್ಯಕ್ಕೆ ಮುಖ ಮಾಡಿದ ಜಗಲಿಯಾದರೋ ಮಧ್ಯಾಹ್ನದ ನಂತರ ಮನೆಯದೇ ನೆರಳಿನಲ್ಲಿದ್ದು, ಊಟದ ಹೊತ್ತಿಗೆ ತಣಿದಿರುತ್ತದೆ. ಎರಡು ಚಿಕ್ಕ ಜಗಲಿಗಳು, ಚಳಿಗಾಲದ ಮಧ್ಯಾಹ್ನಕ್ಕೆ ದಕ್ಷಿಣದ್ದು ಮತ್ತು ಬೇಸಿಗೆಯ ರಾತ್ರಿಗೆ ಪೂರ್ವದ್ದು, ಒಂದು ದೊಡ್ಡ ಜಗಲಿಗಿಂತ ಹೆಚ್ಚು ಬಳಕೆಗೆ ಬರುತ್ತವೆ.

ಗಾಳಿಯ ವಿಷಯದಲ್ಲಿ ಪ್ರತಿಯೊಂದು ಸೀಮೆಗೂ ಅದರದೇ ಹೆಸರು, ಅದರದೇ ಹಠ. ಪ್ರೊವಾನ್ಸ್‌ನ ಮಿಸ್ತ್ರಾಲ್ ಉತ್ತರದಿಂದ ರೋನ್ ಕಣಿವೆಗುಂಟ ನುಗ್ಗಿ ಗಂಟೆಗೆ 100 ಕಿ.ಮೀ. ದಾಟುವುದುಂಟು. ಅಲ್ಲಿನ ಹಳೆಯ ತೋಟದ ಮನೆಗಳ ಉತ್ತರದ ಗೋಡೆಗೆ ಕಿಟಕಿಯೇ ಇಲ್ಲದಂತಿರುತ್ತದೆ, ಹೊರಗೆ ಸೈಪ್ರೆಸ್ ಮರಗಳ ಸಾಲು. ಏಜಿಯನ್ ದ್ವೀಪಗಳಲ್ಲಿ ಜುಲೈ-ಆಗಸ್ಟ್‌ನ ಮೆಲ್ತೆಮಿ, ದಕ್ಷಿಣ ಇಟಲಿಯಲ್ಲಿ ಆಫ್ರಿಕದ ಧೂಳು ಹೊತ್ತು ತರುವ ಸಿರೊಕ್ಕೊ. ಗಾಳಿ ತಡೆಯಲು ಗಟ್ಟಿ ಗೋಡೆ ಎಬ್ಬಿಸಿದರೆ ಗಾಳಿ ಅದರ ಮೇಲಿಂದ ಹಾರಿ ಮೇಜಿನ ಮೇಲೇ ಸುಳಿಯಾಗಿ ಇಳಿಯುತ್ತದೆ. ಅರ್ಧದಷ್ಟು ಸಂದುಗಳಿರುವ ಬೇಲಿ ಅಥವಾ ಗಿಡದ ಸಾಲು ಗಾಳಿಯ ವೇಗವನ್ನು ಕುಗ್ಗಿಸಿ ಬಿಡುವುದರಿಂದ ಅದೇ ಉತ್ತಮ. ಒಲೆಯ ಬಾಯಿ ಬೀಸುವ ಗಾಳಿಗೆ ಎದುರಾಗಿರಬಾರದು. ಹಾಗಿದ್ದರೆ ಹೊಗೆ ಬೇಯಿಸುವವರ ಕಣ್ಣಿಗೇ.

ಒಳಗಿನ ಅಡುಗೆಮನೆಗೂ ಹೊರಗಿನದಕ್ಕೂ ಹತ್ತು ಹನ್ನೆರಡು ಹೆಜ್ಜೆಗಿಂತ ಹೆಚ್ಚು ಅಂತರವಿದ್ದರೆ, ಮರೆತ ಉಪ್ಪಿಗಾಗಿ, ಚಾಕುವಿಗಾಗಿ ಓಡಾಡುವ ಗೃಹಿಣಿ ಎರಡನೆಯ ವರ್ಷವೇ ಹೊರಗಿನ ಒಲೆಯನ್ನು ಕೈಬಿಡುತ್ತಾಳೆ. ಬಾಗಿಲಲ್ಲಿ ಮೆಟ್ಟಿಲು ಬೇಡ, ಕೈಯಲ್ಲಿ ಬಿಸಿ ಪಾತ್ರೆ ಇರುತ್ತದೆ. ಮೇಜಿನಲ್ಲಿ ತಲೆಗೆ 60 ಸೆಂ.ಮೀ., ಕುರ್ಚಿಯ ಹಿಂದೆ ಓಡಾಡಲು 90 ಸೆಂ.ಮೀ. ಇಟ್ಟುಕೊಂಡರೆ ಉಳಿದ ಅಳತೆ ತಾನಾಗಿ ಹೊರಡುತ್ತದೆ.

ಈಗ ಒಲೆಗೆ ಬರೋಣ. ಮಸ್ಸೆರಿಯಾಗಳ ಅಂಗಳದಲ್ಲಿ, ಗ್ರೀಕ್ ಹಳ್ಳಿಗಳ ಹಿತ್ತಿಲಲ್ಲಿ ಕಾಣುವ ಗುಮ್ಮಟದೊಲೆಯ ತತ್ತ್ವ ಸರಳ: ಬೆಂಕಿಯನ್ನು ಒಳಗೇ ಉರಿಸಿ, ಕಾವನ್ನು ಇಟ್ಟಿಗೆಯಲ್ಲಿ ಕೂಡಿಟ್ಟು, ಆ ಕೂಡಿಟ್ಟ ಕಾವಿನಲ್ಲಿ ಬೇಯಿಸುವುದು. ಮನೆಬಳಕೆಗೆ ಒಳವ್ಯಾಸ 90ರಿಂದ 100 ಸೆಂ.ಮೀ. ಸಾಕು. ಗುಮ್ಮಟದ ಒಳ ಎತ್ತರದ ಸುಮಾರು 63 ಶೇಕಡಾದಷ್ಟು ಬಾಯಿಯ ಎತ್ತರ ಇರಬೇಕೆಂಬುದು ಕಟ್ಟುವವರ ರೂಢಿಯ ಸೂತ್ರ. ಒಳಗೆ 40 ಸೆಂ.ಮೀ. ಎತ್ತರವಿದ್ದರೆ ಬಾಯಿ 25 ಸೆಂ.ಮೀ. ಇದಕ್ಕಿಂತ ಹೆಚ್ಚಾದರೆ ಕಾವು ಹೊರಗೆ ಹರಿಯುತ್ತದೆ, ಕಡಿಮೆಯಾದರೆ ಬೆಂಕಿಗೆ ಉಸಿರು ಕಟ್ಟುತ್ತದೆ. ಜನ ಗುಮ್ಮಟದ ಮೇಲೆ ಉಷ್ಣನಿರೋಧಕ ಹೊದಿಸಲು ಮರೆಯುವುದಿಲ್ಲ, ಒಲೆಯ ನೆಲದ ಅಡಿಯಲ್ಲಿ ಹಾಸುವುದನ್ನು ಮರೆಯುತ್ತಾರೆ. ಆಗ ಕಾವೆಲ್ಲ ಕೆಳಗಿನ ಕಾಂಕ್ರೀಟು ಕಟ್ಟೆಗೆ ಇಳಿದುಹೋಗಿ ರೊಟ್ಟಿಯ ಮೇಲ್ಭಾಗ ಕರಿದು, ತಳ ಹಸಿ.

ಎರಡು ಗಂಟೆ ಚೆನ್ನಾಗಿ ಉರಿದ ಮೇಲೆ ಮಸಿ ಹಿಡಿದು ಕಪ್ಪಾಗಿದ್ದ ಗುಮ್ಮಟದ ಒಳಮೈ ಮಸಿ ಸುಟ್ಟುಹೋಗಿ ಬೆಳ್ಳಗಾಗುತ್ತದೆ. ಕಾವು ಸಾಕಷ್ಟಾಗಿದೆ ಎಂಬುದಕ್ಕೆ ಮಾಪಕವಿಲ್ಲದ ಗುರುತು ಅದೇ. ಆಗ ಪೀಟ್ಸಾ, ಅದಕ್ಕೆ 430 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವಿನಲ್ಲಿ ಒಂದೂವರೆ ನಿಮಿಷ ಸಾಕು. ಬಳಿಕ ಕೆಂಡವನ್ನು ಹೊರಗೆಳೆದು, ಒಲೆ 250 ಡಿಗ್ರಿಗೆ ಇಳಿದಾಗ ಬ್ರೆಡ್ಡು. ಅನಂತರ ಬದನೆ, ದೊಣ್ಣೆಮೆಣಸು. ಪೂಲಿಯಾದವರು ಕಾಳುಗಳನ್ನು 'ಪಿಞಾತಾ' ಎಂಬ ಮಣ್ಣಿನ ಗಡಿಗೆಯಲ್ಲಿ ಹಾಕಿ ಕೆಂಡದ ಪಕ್ಕ ಗಂಟೆಗಟ್ಟಲೆ ಬಿಡುತ್ತಾರೆ. ಅಗಲವರೆಯ ಹಿಟ್ಟಿಯಂಥ ಗೊಜ್ಜು, ಮೇಲೆ ಕಹಿಸೊಪ್ಪು, ಆಲಿವ್ ಎಣ್ಣೆ: ಹುರುಳಿ ಬೇಯಿಸಿ ಬಲ್ಲ ನಮ್ಮವರಿಗೆ ಅಪರಿಚಿತವೆನಿಸದ ಊಟ. ಮರುದಿನ ಬೆಳಿಗ್ಗೆ ಉಳಿದ ಬಿಸುಪಿನಲ್ಲಿ 'ಫ್ರಿಸೆ' ಎಂಬ ಗಟ್ಟಿ ರೊಟ್ಟಿಯನ್ನೂ ಬಾದಾಮಿ ತುಂಬಿದ ಅಂಜೂರವನ್ನೂ ಒಣಗಿಸುತ್ತಾರೆ. ಒಂದು ಹೊರೆ ಸೌದೆಗೆ ಎರಡು ದಿನದ ಕೆಲಸ. ಇಷ್ಟು ಸರತಿಯಲ್ಲಿ ಬೇಯಿಸುವ ಮನಸ್ಸಿಲ್ಲದವರಿಗೆ, ವಾರಕ್ಕೊಂದು ಸಂಜೆ ಪೀಟ್ಸಾಕ್ಕಾಗಿ ಮಾತ್ರ, ಈ ಒಲೆ ದುಬಾರಿ ಆಟಿಕೆ ಎಂಬುದು ನನ್ನ ಅಭಿಪ್ರಾಯ. ಮೊಣಕಾಲೆತ್ತರದ ಒಂದು ಕಟ್ಟೆ, ಮೇಲೊಂದು ಕಬ್ಬಿಣದ ಜಾಲರಿ ಅವರಿಗೆ ಸಾಕು.

ಸೌದೆ ಆಲಿವ್‌ನದು, ಬಾದಾಮಿಯದು, ಓಕ್‌ನದು. ಅಂಟುರಾಳದ ಪೈನ್ ಬೇಡ, ಮಸಿ ಕಟ್ಟುತ್ತದೆ. ಆಲಿವ್ ಸೌದೆಯ ವಿಷಯದಲ್ಲಿ ಪೂಲಿಯಾಕ್ಕೆ ಒಂದು ನೋವೂ ಇದೆ. ಅಲ್ಲಿನ ದಕ್ಷಿಣದ ಸಾಲೆಂಟೊ ಭಾಗದಲ್ಲಿ 2013ರಲ್ಲಿ ಗುರುತಿಸಲಾದ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯ ಲಕ್ಷಾಂತರ ಮರಗಳನ್ನು ಒಣಗಿಸಿದೆ. ತಲೆಮಾರುಗಳು ಕುಳಿತು ಉಂಡ ನೆರಳೇ ಹೋದ ಅಂಗಳಗಳು ಈಗ ಅಲ್ಲಿ ಸಾಮಾನ್ಯ.

ನೆಲಕ್ಕೆ ಅಲ್ಲಿನ ಹೊಲಗಳದೇ ಸುಣ್ಣಕಲ್ಲಿನ ಚಪ್ಪಡಿ, ಹೆಸರು 'ಕಿಯಾಂಕೆ'. ನೋಟಕ್ಕೆ ಚೆಂದ, ಕಾಲಿಗೆ ತಂಪು. ಆದರೆ ಸುಣ್ಣಕಲ್ಲಿಗೆ ಹುಳಿ ಶತ್ರು. ಶಹಾಬಾದಿ ಕಲ್ಲು ಹಾಸಿದ ಅಡುಗೆಮನೆಯಲ್ಲಿ ಬೆಳೆದವರಿಗೆ ಹುಣಿಸೆಯ ನೀರು, ನಿಂಬೆಯ ರಸ ಬಿದ್ದಲ್ಲಿ ಕಲ್ಲಿನ ಹೊಳಪು ಹೋಗಿ ಬೆಳ್ಳನೆಯ ಮಚ್ಚೆ ಉಳಿಯುತ್ತಿದ್ದುದು ನೆನಪಿರಬೇಕು. ಅದೂ ಸುಣ್ಣಕಲ್ಲೇ. ಅಲ್ಲಿ ಹುಣಿಸೆಯ ಬದಲು ದ್ರಾಕ್ಷಾರಸ, ಟೊಮೇಟೊ, ನಿಂಬೆ, ಜೊತೆಗೆ ಆಲಿವ್ ಎಣ್ಣೆಯ ಕಲೆ. ಆದುದರಿಂದ ನಡೆದಾಡುವ ಜಗಲಿಗೆ ಸುಣ್ಣಕಲ್ಲು, ಒಲೆಯ ಸುತ್ತ ಎರಡು ಮಾರು ಜಾಗಕ್ಕೆ ಸುಟ್ಟ ಮಣ್ಣಿನ ಬಿಲ್ಲೆ, ಕೆಲಸದ ಕಟ್ಟೆಗೆ ಗ್ರಾನೈಟ್ ಎಂದು ಬೇರ್ಪಡಿಸುವುದು ಜಾಣತನ.

ಜಗಲಿಗೆ ಮನೆಯಿಂದ ಹೊರಮುಖವಾಗಿ ಮೀಟರಿಗೆ ಒಂದೂವರೆಯಿಂದ ಎರಡು ಸೆಂ.ಮೀ. ಇಳಿಜಾರು ಕೊಡಬೇಕು. ನದಿಗಳಿಲ್ಲದ ಆ ಸುಣ್ಣಕಲ್ಲಿನ ನೆಲದಲ್ಲಿ ನೀರೆಂದರೆ ಚಾವಣಿಯ ನೀರೇ. ತ್ರುಲ್ಲಿಯ ಮಾಡಿನ ಮೇಲೆ ಬಿದ್ದ ಮಳೆಯನ್ನು ಅಂಚಿನ ಕಾಲುವೆಯ ಮೂಲಕ ನೆಲದಡಿಯ ತೊಟ್ಟಿಗೆ ಇಳಿಸುವ ವ್ಯವಸ್ಥೆ ಮನೆಯಷ್ಟೇ ಹಳೆಯದು. ಹಳೆಯ ಮನೆಯನ್ನು ಕೊಂಡು ದುರಸ್ತಿ ಮಾಡಿಸುವವರು ಹೊಸ ಜಗಲಿಯ ಕಾಂಕ್ರೀಟನ್ನು ಈ ತೊಟ್ಟಿಯ ಮೇಲೆಯೇ ಸುರಿಯುವುದುಂಟು. ಮೊದಲು ತೊಟ್ಟಿ ಎಲ್ಲಿದೆ, ಅದರ ಬಾಯಿ ಎಲ್ಲಿದೆ ಎಂದು ನೋಡಿಕೊಳ್ಳಬೇಕು. ಬಚ್ಚಲು ತೊಟ್ಟಿಯ ಎಣ್ಣೆಜಿಡ್ಡಿನ ನೀರು ಬೇರೆ ದಾರಿಯಲ್ಲೇ ಹೋಗಬೇಕು. ಚಳಿಗಾಲದಲ್ಲಿ ಒಳನಾಡಿನಲ್ಲಿ ಹೆಪ್ಪುಗಟ್ಟುವ ರಾತ್ರಿಗಳಿರುವುದರಿಂದ ಹೊರಗಿನ ಕೊಳವೆಯನ್ನು ಬರಿದು ಮಾಡುವ ತಿರುಪು ಇರಲೇಬೇಕು.

ಅನಿಲದ ಸಿಲಿಂಡರನ್ನು ಕಟ್ಟೆಯ ಕೆಳಗಿನ ಗೂಡಿನಲ್ಲಿ ಅಡಗಿಸಿಡುವವರು ನೆನಪಿಡಬೇಕಾದುದು ಒಂದೇ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರುವುದಿಲ್ಲ, ನೆಲದಲ್ಲಿ ಕೊಳದಂತೆ ನಿಲ್ಲುತ್ತದೆ. ಗೂಡಿನ ತಳಮಟ್ಟದಲ್ಲಿ ಹೊರಕ್ಕೆ ತೆರೆದ ಕಿಂಡಿ ಇಲ್ಲದಿದ್ದರೆ ಹೊರಾಂಗಣವೂ ಸುರಕ್ಷಿತವಲ್ಲ.

ಎಲ್ಲಕ್ಕಿಂತ ಗಂಭೀರವಾದುದು ಕಾಡ್ಗಿಚ್ಚು. ಹೊರಗೆ ಅಡುಗೆ ಮಾಡಲು ಒಳ್ಳೆಯ ಋತುವೂ ಕಾಡು ಹೊತ್ತಿಕೊಳ್ಳುವ ಋತುವೂ ಒಂದೇ ಆಗಿರುವುದು ಆ ನಾಡಿನ ದುರ್ದೈವ. ಅಥೆನ್ಸ್ ಬಳಿಯ ಮಾತಿ ಎಂಬ ಕಡಲತೀರದ ಊರಿನಲ್ಲಿ 2018ರ ಜುಲೈನಲ್ಲಿ ಪೈನ್ ಮರಗಳ ನಡುವಿನ ಮನೆಗಳಿಗೆ ಬೆಂಕಿ ನುಗ್ಗಿ 100ಕ್ಕೂ ಹೆಚ್ಚು ಜನ ಸತ್ತರು. ಫ್ರಾನ್ಸಿನ ದಕ್ಷಿಣ ಜಿಲ್ಲೆಗಳಲ್ಲಿ ಕಾಡಿನಿಂದ 200 ಮೀಟರ್ ಒಳಗಿರುವ ಮನೆಗಳ ಯಜಮಾನರು ಮನೆಯ ಸುತ್ತ 50 ಮೀಟರ್‌ವರೆಗೆ ಪೊದೆ ಸವರಿಡುವುದು ಕಾನೂನಿನ ಕಡ್ಡಾಯ. ಇಟಲಿ, ಗ್ರೀಸ್, ಸ್ಪೇನ್‌ಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಬಯಲಲ್ಲಿ ಬೆಂಕಿ ಹಾಕುವುದಕ್ಕೆ ಕಟ್ಟುನಿಟ್ಟಿನ ನಿರ್ಬಂಧಗಳಿವೆ. ಆದ್ದರಿಂದ ಸೌದೆಯ ಒಲೆಯನ್ನು ಕಟ್ಟುವ ಮುನ್ನ, ಅದನ್ನು ವರ್ಷದಲ್ಲಿ ಎಷ್ಟು ದಿನ ಹೊತ್ತಿಸಲು ಅಪ್ಪಣೆಯಿದೆ ಎಂದು ಊರಿನ ಪುರಸಭೆಯಲ್ಲಿ ವಿಚಾರಿಸುವುದು ಮೊದಲ ಕೆಲಸ. ಹೊಗೆಕೊಳವೆಯ ತುದಿಗೆ ಕಿಡಿ ತಡೆಯುವ ಜಾಲರಿ, ಕೈಗೆಟಕುವಲ್ಲಿ ನೀರಿನ ಕೊಳವೆ, ಸೌದೆಯ ರಾಶಿ ಮನೆಯ ಗೋಡೆಯಿಂದ ದೂರ. ಒಣಗಿದ ಜೊಂಡಿನ ಚಾಪೆಯ ಕೆಳಗೆ ಬೆಂಕಿ ಹೊತ್ತಿಸುವುದಂತೂ ಕೂಡದು. ಚಪ್ಪರ ಊಟದ ಮೇಜಿಗೆ, ಒಲೆ ಅದರಾಚೆ ಬಯಲಿಗೆ ಅಥವಾ ಹೆಂಚಿನ ಪುಟ್ಟ ಮಾಡಿನ ಕೆಳಗೆ.

ಇದರಲ್ಲಿ ನಮ್ಮ ಕಡೆಗೆ ಹೊಂದುವುದು ಎಷ್ಟು? ಸೂರ್ಯನ ಲೆಕ್ಕ ಹೊಂದುವುದಿಲ್ಲ. 19 ಡಿಗ್ರಿ ಅಕ್ಷಾಂಶದ ಮುಂಬಯಿಯಲ್ಲಿ ಮೇ ಮಧ್ಯದಲ್ಲೂ ಜುಲೈ ಕೊನೆಯಲ್ಲೂ ಸೂರ್ಯ ನೆತ್ತಿಯ ಮೇಲಿರುತ್ತಾನೆ, ನಡುವೆ ಉತ್ತರಕ್ಕೆ ಸರಿಯುತ್ತಾನೆ. ಮಳೆಯ ಲೆಕ್ಕವಂತೂ ಹೊಂದುವುದೇ ಇಲ್ಲ. ನನ್ನ ಪರಿಚಿತರೊಬ್ಬರು ಲೋಣಾವಳದ ಬಳಿ ಇಂಥದೇ ಮರದ ಚಪ್ಪರವನ್ನೂ ಇಟ್ಟಿಗೆಯ ಗುಮ್ಮಟದೊಲೆಯನ್ನೂ ಕಟ್ಟಿಸಿದರು. ವರ್ಷಕ್ಕೆ 4000 ಮಿ.ಮೀ. ಆಸುಪಾಸಿನ ಮಳೆ ಬೀಳುವ ಜಾಗ. ಚಪ್ಪರದ ತೊಲೆಗಳಿಗೆ ಎರಡನೆಯ ವರ್ಷ ಅಣಬೆ ಹಿಡಿಯಿತು. ನೀರು ಕುಡಿದು ಕೂತಿದ್ದ ಒಲೆಗೆ ದೀಪಾವಳಿಯ ಸಂಜೆ ಅತಿಥಿಗಳಿಗಾಗಿ ಒಮ್ಮೆಲೇ ದೊಡ್ಡ ಬೆಂಕಿ ಹಾಕಿದರು. ಒಳಗಿನ ತೇವ ಆವಿಯಾಗಿ ಗುಮ್ಮಟ ಉದ್ದಕ್ಕೆ ಬಿರುಕು ಬಿಟ್ಟಿತು. ಪೂಲಿಯಾದಲ್ಲೂ ಹೊಸ ಒಲೆಗೆ ಮೊದಲ ವಾರವೆಲ್ಲ ಪುಳ್ಳೆಗಳ ಸಣ್ಣ ಉರಿಯನ್ನೇ ಹಾಕಿ ಒಣಗಿಸುತ್ತಾರೆ. ನಮ್ಮಲ್ಲಿ ಈ ಕ್ರಮವನ್ನು ಪ್ರತಿ ಮಳೆಗಾಲದ ನಂತರವೂ ಮಾಡಬೇಕು. ಒಲೆಯ ಮೇಲೆ ನಾಲ್ಕೂ ಕಡೆ ಚೆನ್ನಾಗಿ ಚಾಚಿದ ಮಂಗಳೂರು ಹೆಂಚಿನ ಮಾಡು, ಮಳೆಗಾಲಕ್ಕೆ ಒಲೆಯ ಬಾಯಿಗೊಂದು ಬಾಗಿಲು, ಹೊಗೆಕೊಳವೆಗೆ ಮುಚ್ಚಳ ಇವಿಷ್ಟನ್ನು ಅವರು ಈಗ ಮಾಡಿಸಿದ್ದಾರೆ. ಗುಮ್ಮಟದ ಬಿರುಕನ್ನು ಅಗ್ನಿನಿರೋಧಕ ಗಾರೆಯಿಂದ ತುಂಬಿಸಿ, ಕಳೆದ ಕಾರ್ತಿಕದಲ್ಲಿ ಐದು ದಿನ ಸಣ್ಣ ಉರಿ ಹಾಕಿದ ಮೇಲೆ, ಆರನೆಯ ದಿನ ಮೊದಲ ಜೋಳದ ರೊಟ್ಟಿ ಬೇಯಿಸಿದರು.